ಅರಸ ಹಾಕಿದ ಮೇವು

ಅಬ್ಬಿಗೇರಿ ಅಂದರೆ ಎರೆ ಹೊಲ. ಗದಗ ಜಿಲ್ಲೆ, ರೋಣ ತಾಲೂಕು, ನರೇಗಲ್ಲಿನ ಮಗ್ಗುಲು. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ, ಬಿಳಿಜೋಳ, ಅದೂ ಮಳೆ ಮನಸ್ಸು ಮಾಡಿದರೆ. ಇಲ್ಲಿಂದ ಸಮುದ್ರ ನೋಡಬೇಕಂದರೆ ಗದಗ, ಹುಬ್ಬಳ್ಳಿ ದಾಟಿ, ಘಟ್ಟ ಇಳಿದು 200 ಕಿಲೋಮೀಟರಿಗೂ ಹೆಚ್ಚು ಹೋಗಬೇಕು. ಇಂಥ ಊರಿನ ಹೆಸರು ಹೇಳಿಕೊಂಡು ಉಪ್ಪುನೀರಿನ ಅಕ್ವೇರಿಯಂ ಮೀನಿನ ಊಟದ ಬಗ್ಗೆ ಬರೆಯಲಿಕ್ಕೆ ಹೊರಟರೆ ನಗು ಬರೋದು ಸಹಜ. ಆದರೆ ಸ್ವಲ್ಪ ತಾಳಿ. ಯಾವ ಮೀನು ಎಲ್ಲಿರುತ್ತದೆ, ಯಾವ ಮೀನಿಗೆ ಏನು ತಿನ್ನಲು ಹಾಕಬೇಕು ಅಂತ ವಿಂಗಡಿಸಿ ಬರೆದ ನಮ್ಮ ದೇಶದ ಹಳೆಯ ಗ್ರಂಥವೊಂದಿದೆ. ಅದನ್ನು ಬರೆಸಿದವನು ಇದೇ ಎರೆ ನೆಲವನ್ನು ಆಳಿದ ದೊರೆ. ಅವನ ಪಟ್ಟಿಯಲ್ಲಿ ಹೊಳೆಯ ಮೀನಿನ ಜೊತೆಗೆ ಸಮುದ್ರದ ಮೀನೂ ಇದೆ.

ದೊರೆಯ ಹೆಸರು ಮೂರನೇ ಸೋಮೇಶ್ವರ. ಕಲ್ಯಾಣದ ಚಾಲುಕ್ಯರವನು. ಕಲ್ಯಾಣ ಅಂದರೆ ಈಗಿನ ಬಸವಕಲ್ಯಾಣ. ಐವತ್ತು ವರ್ಷ ಆಳಿದ ಆರನೇ ವಿಕ್ರಮಾದಿತ್ಯನ ಮಗ. ಅಪ್ಪ ಕಟ್ಟಿದ ದೊಡ್ಡ ರಾಜ್ಯ ಕೈಗೆ ಬಂದಾಗ ಮಗನಿಗೆ ಕತ್ತಿಗಿಂತ ಲೇಖನಿಯ ಮೇಲೆ ಒಲವು ಹೆಚ್ಚಿತ್ತು ಅನಿಸುತ್ತದೆ. ‘ಸರ್ವಜ್ಞ ಚಕ್ರವರ್ತಿ’ ಅನ್ನುವ ಬಿರುದು ಅವನಿಗೆ ಸಿಕ್ಕಿದ್ದು ಯುದ್ಧದಿಂದಲ್ಲ. 1130ರ ಆಸುಪಾಸಿನಲ್ಲಿ ಅವನ ಹೆಸರಿನಲ್ಲಿ ಸಿದ್ಧವಾದ ಸಂಸ್ಕೃತ ಗ್ರಂಥವೇ ‘ಮಾನಸೋಲ್ಲಾಸ’. ‘ಅಭಿಲಷಿತಾರ್ಥ ಚಿಂತಾಮಣಿ’ ಅಂತಲೂ ಕರೆಯುತ್ತಾರೆ. ಐದು ಭಾಗ, ಒಂದೊಂದರಲ್ಲಿ 20 ಅಧ್ಯಾಯ, ಒಟ್ಟು 100. ರಾಜ್ಯ ಪಡೆಯೋದು ಹೇಗೆ ಅನ್ನೋದರಿಂದ ಹಿಡಿದು ಆನೆ, ಕುದುರೆ, ಸಂಗೀತ, ಚಿತ್ರಕಲೆ, ಅಡುಗೆಯ ತನಕ ಎಲ್ಲವೂ ಇದೆ. ಇಡ್ಲಿ, ದೋಸೆಯ ಹಳೆಯ ರೂಪಗಳನ್ನು ಹುಡುಕುವವರು ಇದರ ‘ಅನ್ನಭೋಗ’ ಭಾಗಕ್ಕೆ ಬಂದೇ ಬರುತ್ತಾರೆ. ಆ ಇಡ್ಲಿಯ ಸುದ್ದಿ ಈಗ ನಮ್ಮೆಲ್ಲರ ಫೋನಿನಲ್ಲೂ ಓಡಾಡುತ್ತಿದೆ. ನಾಲ್ಕನೆಯ ಭಾಗದ ‘ಮತ್ಸ್ಯವಿನೋದ’ ಅನ್ನುವ ಅಧ್ಯಾಯ ಮಾತ್ರ ಅಷ್ಟಾಗಿ ಯಾರ ಕಣ್ಣಿಗೂ ಬಿದ್ದಿಲ್ಲ.

ನಮ್ಮ ಭಾಗಕ್ಕೂ ಈ ಮನೆತನಕ್ಕೂ ಬಳಕೆ ಹಳೆಯದು. ಸೂಡಿಗೆ ಹೋದರೆ ಜೋಡು ಕಳಸದ ಗುಡಿ ಇದೆ, ಮೆಟ್ಟಿಲು ಇಳಿಯುವ ನಾಗಕುಂಡ ಇದೆ. ಸೂಡಿ ಇರುವ ಕಿಸುಕಾಡು ನಾಡನ್ನು ಆಳಿದ ಅಕ್ಕಾದೇವಿ ಈ ಸೋಮೇಶ್ವರನ ಮುತ್ತಜ್ಜ ಜಯಸಿಂಹನ ಸೋದರಿ. ನರೇಗಲ್ಲಿನ ಬಸದಿಯಂತೂ ಅದಕ್ಕಿಂತ ಹಳೆಯದು, ರಾಷ್ಟ್ರಕೂಟರ ಕಾಲದ್ದು. ಮಳೆ ಕಡಿಮೆಯ ಈ ಸೀಮೆಯಲ್ಲಿ ನೀರು ಹಿಡಿದಿಡುವುದೇ ದೊಡ್ಡ ಪುಣ್ಯದ ಕೆಲಸವಾಗಿತ್ತು. ಕೆರೆ ಕಟ್ಟಿಸಿದವರ, ಕೆರೆಯ ದುರಸ್ತಿಗೆ ಹೊಲ ಬಿಟ್ಟವರ ಮಾತು ಈ ನಾಡಿನ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ನೀರು ನಿಂತ ಮೇಲೆ ಮೀನು, ಮೀನು ಬಂದ ಮೇಲೆ ಗಾಳ.

ಮತ್ಸ್ಯವಿನೋದ ಅಂದರೆ ಗಾಳ ಹಾಕಿ ಮೀನು ಹಿಡಿಯುವ ರಾಜರ ಆಟ. ಅದನ್ನು ಆಡಬೇಕಾದರೆ ಮೊದಲು ಮೀನಿನ ಪರಿಚಯ ಬೇಕು. ಹಾಗಾಗಿ ಗ್ರಂಥ ಸುಮಾರು 35 ಬಗೆಯ ಮೀನುಗಳನ್ನು ಹೆಸರಿಸುತ್ತದೆ. ಸಮುದ್ರದ್ದು ಯಾವುದು, ಹೊಳೆಯದ್ದು ಯಾವುದು. ಹುರುಪೆ ಇರುವುದು ಯಾವುದು, ಬರೀ ಚರ್ಮದ್ದು ಯಾವುದು. ದೊಡ್ಡದು, ಸಣ್ಣದು ಅಂತ ವಿಂಗಡಿಸುತ್ತದೆ. ಆಮೇಲೆ ಮೇವಿನ ಮಾತು. ಕೆಲವಕ್ಕೆ ಹಿಟ್ಟಿನ ಉಂಡೆ, ಕೆಲವಕ್ಕೆ ಮಾಂಸ. ಗಾಳ ಇಳಿಸುವ ಮೊದಲೇ ನೀರಿಗೆ ಮೇವು ಹಾಕಿ ಮೀನನ್ನು ಆ ಜಾಗಕ್ಕೆ ಬಳಕೆ ಮಾಡಿಸಬೇಕು ಅನ್ನುವ ಉಪಾಯವೂ ಇದೆ. ಗಾಳದ ಕೋಲು, ಹಗ್ಗ ಮಾಡುವ ಬಗೆಯೂ ಇದೆ. ಒಟ್ಟಿನಲ್ಲಿ ಇದು ಕವಿಸಮಯದ ಮೀನಲ್ಲ, ಹೆಣ್ಣಿನ ಕಣ್ಣಿಗೆ ಹೋಲಿಸಲಿಕ್ಕೆ ಅಂತ ಬಂದ ಮೀನಲ್ಲ. ಹಸಿವಿರುವ, ಬಾಯಿ ರುಚಿ ಇರುವ ಮೀನು.

ಈ ಅಧ್ಯಾಯ ವಿಜ್ಞಾನಿಗಳ ಕೈಗೆ ಬಂದದ್ದು ತಡವಾಗಿ. ಬರೋಡಾದ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ ಮಾನಸೋಲ್ಲಾಸದ ಮೊದಲ ಸಂಪುಟ ಅಚ್ಚಾದದ್ದು 1925ರಲ್ಲಿ. ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ನಿರ್ದೇಶಕರಾಗಿದ್ದ ಮತ್ಸ್ಯಶಾಸ್ತ್ರಜ್ಞ ಸುಂದರ ಲಾಲ್ ಹೋರಾ ಅವರು ಮತ್ಸ್ಯವಿನೋದವನ್ನು ವಿಜ್ಞಾನದ ಕಣ್ಣಿನಿಂದ ಓದಿ 1951ರಲ್ಲಿ ಲೇಖನ ಬರೆದರು. 2005ರಲ್ಲಿ ನಳಿನಿ ಸಾಧಲೆ ಮತ್ತು ವೈ. ಎಲ್. ನೆನೆ ಅವರು ಕೃಷಿ ಇತಿಹಾಸದ ನೆಲೆಯಿಂದ ಮತ್ತೊಮ್ಮೆ ಅದನ್ನು ಬಿಡಿಸಿದರು. ಇದನ್ನೆಲ್ಲ ಓದುವಾಗ ನನಗೆ ಅನಿಸಿದ್ದು ಇಷ್ಟು: ಅರಸ ತಾನೇ ಹೊಳೆದಂಡೆಯಲ್ಲಿ ಕೂತು ಇಷ್ಟನ್ನೂ ಕಂಡುಹಿಡಿದಿರಲಿಕ್ಕಿಲ್ಲ. ಯಾವ ಮೀನು ಉಂಡೆಗೆ ಬಾಯಿ ಹಾಕುತ್ತದೆ, ಯಾವುದು ಮಾಂಸದ ವಾಸನೆಗೆ ಬರುತ್ತದೆ ಅನ್ನೋದು ಗೊತ್ತಿದ್ದದ್ದು ಬಲೆ ಬೀಸಿ ಹೊಟ್ಟೆ ಹೊರೆದವರಿಗೆ. ಅವರ ಹೆಸರು ಗ್ರಂಥದಲ್ಲಿ ಉಳಿಯಲಿಲ್ಲ. ಅವರ ತಿಳಿವಳಿಕೆ ಸಂಸ್ಕೃತ ಶ್ಲೋಕದ ಅಂಗಿ ತೊಟ್ಟು ಅರಮನೆ ಸೇರಿತು.

ಈಗ ನನ್ನ ವಿಷಯ ಸ್ವಲ್ಪ ಹೇಳಲೇಬೇಕು, ಇಲ್ಲವಾದರೆ ಮುಂದಿನ ಮಾತು ಹತ್ತೋದಿಲ್ಲ. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ನನ್ನದೊಂದು 200 ಲೀಟರಿನ ಉಪ್ಪುನೀರಿನ ತೊಟ್ಟಿ ಇದೆ. ಒಂದು ಜೋಡಿ ಕ್ಲೌನ್ ಮೀನು, ಕಲ್ಲಿನ ಪಾಚಿ ಮೇಯುವ ಒಂದು ಬ್ಲೆನಿ. ಊರಲ್ಲಿ ನಮ್ಮದು ತತ್ತಿಯೂ ಒಳಗೆ ಬಾರದ ಮನೆ. ಹೋದ ವರ್ಷ ಅವ್ವ ಬಂದು ಒಂದು ತಿಂಗಳು ಇದ್ದಳು. ಎರಡನೇ ದಿನವೇ ಫ್ರೀಜರಿನ ಚೀಲ ಅವಳ ಕೈಗೆ ಸಿಕ್ಕಿತು.

‘ಏನೈತಿ ಇದು?’

‘ಸಿಗಡಿ, ಯವ್ವ. ಮೀನಿಗೆ.’

‘ಅಯ್ಯ ಶಿವನ! ಪುಟಾಣಿ ಹಿಟ್ಟು ಹಾಕಿದ್ರ ತಿನ್ನಂಗಿಲ್ಲೇನು? ಶೃಂಗೇರ್ಯಾಗ ಚುರಮರಿ ತಿಂತಾವಲ್ಲ, ಅವೇನು ಮೀನಲ್ಲೇನು?’

ತಮಾಷೆಯಾಗಿ ಕೇಳಿದ ಪ್ರಶ್ನೆಯಲ್ಲ ಅದು. ನಮ್ಮ ನಾಡಿನಲ್ಲಿ ಮೀನಿಗೆ ಊಟ ಹಾಕುವ ಎರಡನೆಯ ದೊಡ್ಡ ಪರಂಪರೆ ಆ ಒಂದು ಮಾತಿನಲ್ಲಿದೆ. ಅರಸನ ಕೈ ಹಿಡಿಯಲಿಕ್ಕೆ ಅಂತ ಮೇವು ಹಾಕಿತು. ಭಕ್ತರ ಕೈ ಹಿಡಿಯಬಾರದು ಅಂತ ಹಾಕಿತು. ಶೃಂಗೇರಿಯ ತುಂಗೆಯ ಮೆಟ್ಟಿಲ ಬಳಿ, ತೀರ್ಥಹಳ್ಳಿ ಹತ್ತಿರದ ಚಿಪ್ಪಲಗುಡ್ಡೆಯಲ್ಲಿ, ಅರಕಲಗೂಡು ತಾಲೂಕಿನ ರಾಮನಾಥಪುರದ ಕಾವೇರಿಯಲ್ಲಿ, ಬೆಳ್ತಂಗಡಿ ತಾಲೂಕಿನ ಶಿಶಿಲದ ಕಪಿಲೆಯಲ್ಲಿ ಇವತ್ತಿಗೂ ದೇವರ ಮೀನುಗಳಿವೆ. ಅವನ್ನು ಹಿಡಿಯುವಂತಿಲ್ಲ. ಯಾತ್ರಿಕರು ಮಂಡಕ್ಕಿ ಚೆಲ್ಲುತ್ತಾರೆ, ನೀರು ಕುದಿದ ಹಾಗೆ ಮೀನು ಮೇಲೆದ್ದು ಬರುತ್ತವೆ. ಬೇರೆ ಕಡೆ ಅಳಿವಿನ ಅಂಚಿಗೆ ಬಂದ ಮಹಶೀರ್ ಜಾತಿಯ ಮೀನುಗಳು ಇಲ್ಲಿ ಮೈತುಂಬಿಕೊಂಡು ಬದುಕಿರುವುದಕ್ಕೆ ಕಾಯಿದೆಗಿಂತ ದೊಡ್ಡ ಕಾರಣ ಈ ಭಯಭಕ್ತಿ. 1996ರಲ್ಲಿ ಶಿಶಿಲದ ಹೊಳೆಗೆ ಯಾರೋ ವಿಷ ಹಾಕಿ ಸಾವಿರಾರು ಮೀನು ಸತ್ತಾಗ ಊರಿನವರು ಅವಕ್ಕೆ ಸ್ಮಾರಕ ಕಟ್ಟಿದರು. ಮೀನಿಗೆ ಸ್ಮಾರಕ ಕಟ್ಟುವ ಜನ ಮೀನಿಗೆ ಉಣಿಸುವ ಮಾತನ್ನು ಹಗುರವಾಗಿ ತಗೊಂಡವರಲ್ಲ.

ಹಾಗಿದ್ದರೆ ಅವ್ವ ಕೇಳಿದ್ದರಲ್ಲಿ ತಪ್ಪೇನಿದೆ? ಚುರಮರಿ ಯಾಕೆ ಆಗೋದಿಲ್ಲ?

ಅವಳಿಗೆ ನಾನು ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಶೃಂಗೇರಿಯ ಮೀನು ಮಂಡಕ್ಕಿಯಿಂದ ಬದುಕಿಲ್ಲ, ತುಂಗೆಯಿಂದ ಬದುಕಿದೆ. ಮಹಶೀರ್ ಸಿಕ್ಕಿದ್ದನ್ನೆಲ್ಲ ತಿನ್ನುವ ಮೀನು: ಪಾಚಿ, ಹುಳು, ದಂಡೆಯ ಮರದಿಂದ ಉದುರಿದ ಹಣ್ಣು, ಸಣ್ಣ ಮೀನು. ಮಂಡಕ್ಕಿ ಅದಕ್ಕೆ ನಮಗೆ ಜಾತ್ರೆಯ ಮಿಠಾಯಿ ಇದ್ದಂತೆ. ನೀವು ತಪ್ಪು ಹಾಕಿದರೂ ಹೊಳೆ ಅದನ್ನು ಸರಿಮಾಡಿಕೊಡುತ್ತದೆ. ಉಳಿದದ್ದು ಹರಿದು ಹೋಗುತ್ತದೆ, ಕೊರತೆ ಬಿದ್ದದ್ದು ಹೊಳೆಯಲ್ಲೇ ಸಿಗುತ್ತದೆ. ನನ್ನ ತೊಟ್ಟಿಯಲ್ಲಿ ಹೊಳೆ ಇಲ್ಲ. ನಾನು ಹಾಕಿದ್ದೇ ಊಟ, ನಾನು ಹಾಕದ್ದು ಆ ಮೀನಿನ ಪಾಲಿಗೆ ಜಗತ್ತಿನಲ್ಲೇ ಇಲ್ಲ.

ಇನ್ನೊಂದು ಕಾರಣ ಮೀನಿನ ಮೈಯೊಳಗೇ ಇದೆ. ಡಿಎಚ್‌ಎ, ಇಪಿಎ ಅನ್ನುವ ಒಮೆಗಾ-3 ಕೊಬ್ಬಿನ ಹೆಸರು ನೀವು ಮಾತ್ರೆಯ ಡಬ್ಬಿ ಮೇಲೆ ಓದಿರುತ್ತೀರಿ. ಸಿಹಿನೀರಿನ ಬಹಳಷ್ಟು ಮೀನುಗಳು ಗಿಡಮೂಲದ ಸಾದಾ ಕೊಬ್ಬಿನಿಂದ ಇವನ್ನು ತಮ್ಮ ಮೈಯಲ್ಲೇ ಸ್ವಲ್ಪಮಟ್ಟಿಗೆ ತಯಾರಿಸಿಕೊಳ್ಳುತ್ತವೆ. ಸಮುದ್ರದ ಬಹುಪಾಲು ಮೀನುಗಳಿಗೆ ಆ ಶಕ್ತಿ ಇಲ್ಲವೆನ್ನುವಷ್ಟು ಕಡಿಮೆ. ಅವುಗಳಿಗೆ ಅದರ ಅಗತ್ಯವೇ ಬಿದ್ದಿಲ್ಲ. ಕಡಲಿನಲ್ಲಿ ಸೂಕ್ಷ್ಮ ಪಾಚಿ ಆ ಕೊಬ್ಬನ್ನು ತಯಾರಿಸುತ್ತದೆ, ಪಾಚಿಯನ್ನು ಸಣ್ಣ ಜೀವಿ ತಿನ್ನುತ್ತದೆ, ಅದನ್ನು ಮೀನು ತಿನ್ನುತ್ತದೆ. ಊಟ ಸಿದ್ಧವಾಗಿಯೇ ಬಾಯಿಗೆ ಬರುತ್ತದೆ. ಪುಟಾಣಿ ಹಿಟ್ಟಿನಲ್ಲಿ ಪ್ರೋಟೀನು ಎಷ್ಟಿದ್ದರೂ ಈ ಕೊಬ್ಬು ಇಲ್ಲ. ಹೊಟ್ಟೆ ತುಂಬಿದ ಮೀನೂ ತಿಂಗಳುಗಟ್ಟಲೆ ಒಳಗೊಳಗೇ ಸೊರಗಬಹುದು. ಬಣ್ಣ ಮಾಸುತ್ತದೆ, ಬೆನ್ನು ಸಣ್ಣಗಾಗುತ್ತದೆ, ಒಂದು ದಿನ ಕಾರಣ ತಿಳಿಯದೆ ಮಗುಚಿಕೊಳ್ಳುತ್ತದೆ. ಸಮುದ್ರದ ಮೀನು ಅಂದ ತಕ್ಷಣ ಎಲ್ಲವೂ ಮಾಂಸವನ್ನೇ ತಿನ್ನುತ್ತವೆ ಅಂತಲೂ ಅಲ್ಲ. ನಮ್ಮ ಬ್ಲೆನಿ ಬಹುಪಾಲು ಪಾಚಿ ಮೇಯುವ ಶಾಕಾಹಾರಿ. ಇದು ಗೊತ್ತಾದ ಮೇಲೆ ಅವ್ವನಿಗೆ ಅದರ ಮೇಲೆ ಪ್ರೀತಿ ಜಾಸ್ತಿ. ‘ಅದು ನಮ್ಮ ಪೈಕಿ’ ಅಂದಳು. ಸಿಗಡಿ ಚೀಲಕ್ಕೆ ಬೇರೆ ಡಬ್ಬಿ, ಬೇರೆ ಚಾಕು, ಬೇರೆ ಮಣೆ ಅನ್ನುವ ಒಪ್ಪಂದದ ಮೇಲೆ ನಮ್ಮ ಮನೆಯ ಶಾಂತಿ ಉಳಿಯಿತು.

ಈ ತಿಳಿವಳಿಕೆ ಜಗತ್ತಿಗೂ ಸುಲಭವಾಗಿ ಬರಲಿಲ್ಲ. ಮನೆಯೊಳಗೆ ಸಮುದ್ರ ಇಟ್ಟುಕೊಳ್ಳುವ ಹುಚ್ಚು ಹತ್ತಿದ್ದು ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನಲ್ಲಿ. 1846ರಲ್ಲಿ ಆನಾ ಥಿನ್ ಅನ್ನುವ ಹೆಣ್ಣುಮಗಳು ಕಡಲಂಚಿನಿಂದ ಹವಳದ ಜೀವಿಗಳನ್ನು ಲಂಡನ್ನಿನ ಮನೆಗೆ ತಂದು ಸಾಕಿದಳು. ನೀರಿಗೆ ಗಾಳಿ ಸೇರಲಿ ಅಂತ ಮನೆಗೆಲಸದವಳು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ನೀರು ಹೊಯ್ಯುತ್ತಲೇ ಇರಬೇಕಿತ್ತು, ನಮ್ಮಲ್ಲಿ ಚಹಾ ಆರಿಸಿದ ಹಾಗೆ. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಜನ ನೋಡಲು ಮತ್ಸ್ಯಾಲಯ ತೆರೆಯಿತು. ಮರುವರ್ಷ ಫಿಲಿಪ್ ಗಾಸ್ ಬರೆದ ಪುಸ್ತಕದಿಂದ ‘ಅಕ್ವೇರಿಯಂ’ ಅನ್ನುವ ಪದ ಮನೆಮಾತಾಯಿತು. ಅಂದಿನವರ ತಲೆನೋವೆಲ್ಲ ನೀರಿನದು: ಉಪ್ಪು ಎಷ್ಟಿರಬೇಕು, ನೀರು ಕೆಡದಂತೆ ಇಡೋದು ಹೇಗೆ. ನೀರನ್ನು ಗೆದ್ದ ಮೇಲೆ ಊಟದ ಪ್ರಶ್ನೆ ಎದುರಾಯಿತು. ದೊಡ್ಡ ಮೀನಿಗೆ ಮಾಂಸದ ಚೂರು ಹಾಕಬಹುದು. ಮೊಟ್ಟೆಯೊಡೆದು ಬಂದ ಮರಿಗೆ ಏನು ಹಾಕೋದು? ಅದರ ಬಾಯಿ ಸೂಜಿಮೊನೆಗಿಂತ ಸಣ್ಣದು, ಅಲುಗಾಡದ್ದನ್ನು ಅದು ಊಟ ಅಂತ ಗುರುತಿಸುವುದೇ ಇಲ್ಲ.

ಉತ್ತರ ಸಿಕ್ಕಿದ್ದು ಉಪ್ಪಿನ ಮಡಿಗಳಲ್ಲಿ, ಬೇರೆ ಮೀನು ಬದುಕದಷ್ಟು ಉಪ್ಪಾದ ನೀರಿನಲ್ಲಿ. ಅಲ್ಲಿ ಆರ್ಟೀಮಿಯಾ ಅನ್ನುವ ಸಣ್ಣ ಸಿಗಡಿಯಂಥ ಜೀವಿ ಇರುತ್ತದೆ. ನೀರು ಬತ್ತುವ ಕಾಲಕ್ಕೆ ಅದು ಗಟ್ಟಿ ಚಿಪ್ಪಿನ ಮೊಟ್ಟೆ ಇಡುತ್ತದೆ. ನೋಡಲಿಕ್ಕೆ ಕಂದು ಬಣ್ಣದ ಪುಡಿ. ಒಣಗಿದ ಸ್ಥಿತಿಯಲ್ಲೇ ವರ್ಷಗಟ್ಟಲೆ ಜೀವ ಹಿಡಿದುಕೊಂಡಿದ್ದು, ಉಪ್ಪುನೀರು ಸಿಕ್ಕ ಒಂದು ದಿನದೊಳಗೆ ಮರಿ ಈಜತೊಡಗುತ್ತದೆ. 1930ರ ದಶಕದಲ್ಲಿ ಅಮೆರಿಕದ ಆಲ್ವಿನ್ ಸೀಲ್, ನಾರ್ವೆಯ ಗುನ್ನಾರ್ ರೊಲೆಫ್ಸನ್ ಈ ಮರಿಗಳನ್ನು ಮೀನಿನ ಮರಿಗಳಿಗೆ ಉಣಿಸಬಹುದು ಅಂತ ತೋರಿಸಿಕೊಟ್ಟರು. ಇವತ್ತು ಜಗತ್ತಿನ ಮೀನುಮರಿ ಸಾಕಣೆಯ ದೊಡ್ಡ ಭಾಗ ನಿಂತಿರುವುದು ಈ ಕಂದು ಪುಡಿಯ ಮೇಲೆ. ಇನ್ನೂ ಸಣ್ಣ ಬಾಯಿಗಳಿಗೆ ರೋಟಿಫರ್ ಅನ್ನುವ ಕಣ್ಣಿಗೆ ಕಾಣದಂಥ ಜೀವಿಯನ್ನು ಸಾಕಿ ಉಣಿಸುವ ವಿದ್ಯೆಯನ್ನು 1960ರ ದಶಕದಲ್ಲಿ ಜಪಾನಿನವರು ಬೆಳೆಸಿದರು.

ಎರೆ ಹೊಲದವರಿಗೆ ಆರ್ಟೀಮಿಯಾದ ಕಥೆ ಬಿಡಿಸಿ ಹೇಳಬೇಕಾಗಿಲ್ಲ. ಬಿರುಕು ಬಿಟ್ಟ ನೆಲ ಮೊದಲ ಮಳೆಗೆ ಹೇಗೆ ಎದ್ದು ಕೂಡುತ್ತದೆ ಅನ್ನೋದನ್ನು ನೋಡಿಯೇ ಬೆಳೆದಿರುತ್ತಾರೆ. ದಕ್ಷಿಣ ಭಾರತದ ಮಳೆಗಾಲದ ಹೊಂಡಗಳಲ್ಲಿ ಆರ್ಟೀಮಿಯಾದ ಸಿಹಿನೀರಿನ ಸೋದರಸಂಬಂಧಿಯೂ ಇದೆ, ಸ್ಟ್ರೆಪ್ಟೊಸೆಫಾಲಸ್ ಅಂತ. ಹೊಂಡ ಬತ್ತಿದರೆ ಮೊಟ್ಟೆ ಮಣ್ಣಿನಲ್ಲಿ ಮಲಗುತ್ತದೆ, ಮಳೆಗೆ ಏಳುತ್ತದೆ. ಇದನ್ನೂ ಮೀನಿನ ಮೇವಾಗಿ ಬಳಸಬಹುದೇ ಅಂತ ಸಂಶೋಧಕರು ನೋಡಿದ್ದಾರೆ.

ಉಪ್ಪಿನ ನಂಟೂ ನಮಗೆ ಹೊಸದಲ್ಲ. ಗೋಕರ್ಣದ ಹತ್ತಿರದ ಸಾಣಿಕಟ್ಟೆಯಲ್ಲಿ ಇವತ್ತಿಗೂ ಸಮುದ್ರದ ನೀರು ಒಣಗಿಸಿ ಉಪ್ಪು ಮಾಡುತ್ತಾರೆ. ರೈಲು, ಲಾರಿ ಬರುವ ಮೊದಲು ಕರಾವಳಿಯ ಉಪ್ಪನ್ನು ಎತ್ತುಗಳ ಮೇಲೆ ಹೇರಿ ಬಯಲುಸೀಮೆಗೆ ತಂದವರಲ್ಲಿ ಲಂಬಾಣಿಗರು ಮುಖ್ಯರು. ಗಜೇಂದ್ರಗಡದ ಸುತ್ತ ಅವರ ತಾಂಡಾಗಳಿವೆ. ಸಮುದ್ರವನ್ನು ಎಂದೂ ಕಾಣದ ಊರುಗಳ ಅಡುಗೆಮನೆಯ ಗಡಿಗೆಯಲ್ಲಿ ಒಂದು ಹಿಡಿ ಸಮುದ್ರ ಯಾವಾಗಲೂ ಇತ್ತು.

ಸಮುದ್ರದ ಜೀವಂತ ಮೀನನ್ನು ಗಾಜಿನ ಹಿಂದೆ ನೋಡುವ ಅವಕಾಶ ನಮ್ಮ ಕಡೆಯವರಿಗೆ ಸಿಕ್ಕಿದ್ದು ಮುಂಬೈಯಲ್ಲಿ. ಮರೀನ್ ಡ್ರೈವಿನ ತಾರಾಪೋರವಾಲಾ ಅಕ್ವೇರಿಯಂ ಶುರುವಾದದ್ದು 1951ರಲ್ಲಿ. ಆಗ ರೋಣ ತಾಲೂಕು ಧಾರವಾಡ ಜಿಲ್ಲೆಯಲ್ಲಿತ್ತು, ಧಾರವಾಡ ಜಿಲ್ಲೆ ಮುಂಬೈ ರಾಜ್ಯದಲ್ಲಿತ್ತು. ಅಂದರೆ 1956ರ ಏಕೀಕರಣದ ತನಕ ಅಬ್ಬಿಗೇರಿಯವರ ರಾಜಧಾನಿಯ ಅಕ್ವೇರಿಯಂ ಅದೇ. ಕೋರ್ಟು ಕೆಲಸಕ್ಕೋ, ಗಿರಣಿ ಕೆಲಸಕ್ಕೋ ಮುಂಬೈಗೆ ಹೋದವರು ನೋಡಿ ಬಂದು ಕಟ್ಟೆ ಮೇಲೆ ಕೂತು ಹೇಳುವಂಥ ಸುದ್ದಿ. ಬೆಂಗಳೂರಿನ ಕಬ್ಬನ್ ಪಾರ್ಕಿನ ಸರ್ಕಾರಿ ಮತ್ಸ್ಯಾಲಯ ಬಂದದ್ದು ಎಷ್ಟೋ ಕಾಲದ ಮೇಲೆ, 1983ರಲ್ಲಿ.

ಈ ನಡುವೆ ಮೇವು ಹಾಕುವ ಮೂರನೆಯ ಕೈ ನಮ್ಮ ಕರಾವಳಿಯಲ್ಲಿ ತಯಾರಾಗುತ್ತಿತ್ತು. ಅದು ವಿಜ್ಞಾನದ ಕೈ. ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ 1947ರಲ್ಲಿ ಹುಟ್ಟಿತು, ಮುಂದೆ ಮಂಗಳೂರು, ಕಾರವಾರಗಳಲ್ಲೂ ಅದರ ಕೇಂದ್ರಗಳಾದವು. ಮಂಗಳೂರಿನಲ್ಲಿ ಮೀನುಗಾರಿಕೆ ಕಾಲೇಜು ಶುರುವಾದದ್ದು 1969ರಲ್ಲಿ. ಮೀನಿನ ಹೊಟ್ಟೆ ಕೊಯ್ದು ಒಳಗೆ ಏನಿದೆ ಅಂತ ನೋಡಿ ಬರೆದಿಡುವುದು ಇಂಥ ಕಡೆ ಪಾಠದ ಭಾಗ. ಅದೇ ಸಂಶೋಧನಾ ಸಂಸ್ಥೆಯವರು ಕ್ಲೌನ್ ಮೀನನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನವನ್ನು ನಮ್ಮ ದೇಶಕ್ಕೆ ಒಗ್ಗಿಸಿದರು: ಮರಿಗೆ ಮೊದಲು ರೋಟಿಫರ್, ಆಮೇಲೆ ಆರ್ಟೀಮಿಯಾ. ಇದು ಬರೀ ಪ್ರಯೋಗಾಲಯದ ಸಾಧನೆಯಲ್ಲ. ತೊಟ್ಟಿಯಲ್ಲೇ ಹುಟ್ಟಿದ ಒಂದು ಮೀನು ಕೊಂಡರೆ ಹವಳದ ದಿಬ್ಬದಿಂದ ಹಿಡಿದು ತಂದ ಒಂದು ಮೀನು ಅಲ್ಲೇ ಉಳಿಯಬಹುದು. ಅಲ್ಲಿಂದ ಬಂದ ಮೀನಿಗೆ ಇನ್ನೊಂದು ಕಷ್ಟವಿದೆ. ಗುಳಿಗೆಯ ಮೇವು ತಿನ್ನುವಂಥದ್ದು ಅಂತ ಅದಕ್ಕೆ ಗೊತ್ತಿರುವುದಿಲ್ಲ, ಎಷ್ಟೋ ಮೀನು ಊಟ ಗುರುತಿಸಲಾರದೆ ಉಪವಾಸದಲ್ಲೇ ಸಾಯುತ್ತವೆ. ಹವಳ ಮತ್ತು ಸಮುದ್ರ ಕುದುರೆಗಳನ್ನಂತೂ ಸರ್ಕಾರ 2001ರಲ್ಲೇ ವನ್ಯಜೀವಿ ಕಾಯಿದೆಯ ರಕ್ಷಣೆಗೆ ತಂದಿದೆ. ಅಂಗಡಿಯವರು ಏನೇ ಹೇಳಲಿ, ನಮ್ಮ ಕಡಲಿನಿಂದ ಕಿತ್ತು ತಂದ ಹವಳ ಮನೆಗೆ ತರುವ ವಸ್ತುವಲ್ಲ.

ಇಷ್ಟು ಇತಿಹಾಸ ಓದಿದ ಮೇಲೆ ‘ಹಾಗಾದರೆ ಮನೆಯಲ್ಲಿ ಏನು ಹಾಕೋದು ಹೇಳ್ರೀ’ ಅಂತ ನೀವು ಕೇಳುತ್ತೀರಿ. ನಾನು ಮಾಡುವುದು ಹೀಗೆ. ಶಿವಾಜಿನಗರದ ರಸೆಲ್ ಮಾರ್ಕೆಟ್ಟಿಗೆ ಬೆಳಿಗ್ಗೆ ಬೇಗ ಹೋಗಿ ಸಮುದ್ರದ್ದೇ ನಾಲ್ಕು ಪದಾರ್ಥ ತರುತ್ತೇನೆ: ಸಿಗಡಿ, ಮಂಗಳೂರಿನವರು ಬೊಂಡಾಸ್ ಅನ್ನುವ ಸ್ಕ್ವಿಡ್, ಮರುವಾಯಿ (ಕಾರವಾರದವರಿಗೆ ಅದು ತಿಸ್ರಿ), ಒಂದು ಸಣ್ಣ ಬಿಳಿಮಾಂಸದ ಮೀನು. ಎಲ್ಲವೂ ಹೆಚ್ಚುಕಡಿಮೆ ಸಮಪಾಲು. ಉಪ್ಪು, ಅರಿಶಿನ, ಎಣ್ಣೆ ಏನೂ ಇಲ್ಲ. ಚೆನ್ನಾಗಿ ತೊಳೆದು, ಮೀನಿನ ಬಾಯಿಗೆ ಹಿಡಿಯುವಷ್ಟು ಸಣ್ಣಗೆ ಕೊಚ್ಚುತ್ತೇನೆ. ನುಣ್ಣಗೆ ರುಬ್ಬಿದರೆ ನೀರಿನಲ್ಲಿ ಕರಗಿ ತೊಟ್ಟಿ ಕೆಡುತ್ತದೆ. ಇದಕ್ಕೆ ಮಸಾಲೆ ಹಾಕದ ನೋರಿ ಅನ್ನುವ ಒಣ ಕಡಲಪಾಚಿ ಹಾಳೆಯನ್ನು ಚೂರು ಮಾಡಿ ಸೇರಿಸುತ್ತೇನೆ, ಒಂದು ಚಿಟಿಕೆ ಸ್ಪಿರುಲಿನಾ ಪುಡಿಯನ್ನೂ. ಸ್ಪಿರುಲಿನಾ ಬೆಳೆಸುವ ವಿದ್ಯೆಯ ಮೇಲೆ ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐ ಕೂಡ ಕೆಲಸ ಮಾಡಿದೆ. ಎಲ್ಲವನ್ನೂ ಕಲಸಿ, ಚೀಲದಲ್ಲಿ ಹಪ್ಪಳದಷ್ಟು ತೆಳ್ಳಗೆ ಹರಡಿ ಫ್ರೀಜರಿಗೆ ಇಟ್ಟರೆ ಬೇಕಾದಾಗ ಒಂದು ಚೂರು ಮುರಿದುಕೊಳ್ಳಬಹುದು. ಎರಡು ತಿಂಗಳೊಳಗೆ ಮುಗಿಸುತ್ತೇನೆ.

ನಾಲ್ಕು ಪದಾರ್ಥ ಯಾಕೆ, ಸಿಗಡಿ ಒಂದೇ ಸಾಲದೇ? ಸಾಲದು. ಕೆಲವು ಹಸಿ ಮೀನು, ಚಿಪ್ಪುಜೀವಿಗಳಲ್ಲಿ ಥಯಾಮಿನೇಸ್ ಅನ್ನುವ ಕಿಣ್ವ ಇರುತ್ತದೆ, ಅದು ಬಿ1 ವಿಟಮಿನ್ನನ್ನು ನಾಶ ಮಾಡುತ್ತದೆ. ಒಂದನ್ನೇ ದಿನವೂ ಹಾಕಿದರೆ ಕೊರತೆ ಕೂಡುತ್ತಾ ಹೋಗುತ್ತದೆ, ಬದಲಾಯಿಸುತ್ತಾ ಇದ್ದರೆ ಅಪಾಯ ಕಡಿಮೆ. ಕೋಳಿ, ಕುರಿಯ ಮಾಂಸ ಬೇಡ. ನೆಲದ ಪ್ರಾಣಿಯ ಕೊಬ್ಬು ಸಮುದ್ರದ ಮೀನಿನ ಮೈಗೆ ಹೊಂದುವಂಥದ್ದಲ್ಲ. ಪ್ಯಾಕೆಟ್ಟಿನ ಸಿಗಡಿ ತರುವವರು ಹಿಂದಿನ ಸಣ್ಣ ಅಕ್ಷರ ಓದಿ. ನೀರು ಹಿಡಿದಿಡಲಿಕ್ಕೆ ಫಾಸ್ಫೇಟ್ ಸೇರಿಸಿದ್ದರೆ ಅದು ತೊಟ್ಟಿಯಲ್ಲಿ ಪಾಚಿಗೆ ಗೊಬ್ಬರವಾಗುತ್ತದೆ. ಆರ್ಟೀಮಿಯಾ ಮರಿ ಮಾಡಿಸುವವರು ಒಂದು ಲೀಟರ್ ನೀರಿಗೆ 25ರಿಂದ 30 ಗ್ರಾಂ ಉಪ್ಪು ಹಾಕಿ, ಗಾಳಿ ಊದುತ್ತಾ, ಬೆಚ್ಚಗಿನ ಜಾಗದಲ್ಲಿಟ್ಟರೆ ಒಂದು ದಿನದಲ್ಲಿ ಮರಿ ಸಿಗುತ್ತವೆ. ಮೊಟ್ಟೆಯೊಳಗಿನ ಹಳದಿ ಕರಗುವ ಮೊದಲೇ, ಅಂದರೆ ಹುಟ್ಟಿದ ಕೆಲವೇ ಗಂಟೆಯೊಳಗೆ ಉಣಿಸಬೇಕು. ತಡವಾದಷ್ಟೂ ಅದು ಸಪ್ಪೆ ಊಟ. ಹಾಕುವುದು ದಿನಕ್ಕೆ ಒಂದೋ ಎರಡೋ ಸಲ, ಎರಡು ಮೂರು ನಿಮಿಷದಲ್ಲಿ ಖಾಲಿಯಾಗುವಷ್ಟು. ಕರಗಿಸಿದ ನೀರು ಸೋಸಿ ಚೆಲ್ಲಿ, ಗಟ್ಟಿ ಮಾತ್ರ ಹಾಕಿ. ತೊಟ್ಟಿಗಳನ್ನು ಕೊಲ್ಲುವುದು ಬಹಳ ಸಲ ಹಸಿವಲ್ಲ, ಹೆಚ್ಚಾದ ಪ್ರೀತಿ.

ಮೂರು ಕೈಗಳ ಕಥೆ ಇದು. ಗಾಳದ ಕೈ, ಭಕ್ತಿಯ ಕೈ, ವಿಜ್ಞಾನದ ಕೈ. ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಒಂದು ವ್ಯತ್ಯಾಸ ಕಾಣುತ್ತದೆ: ಮೇವು ತಪ್ಪಿದರೆ ಬೆಲೆ ತೆರುವವರು ಯಾರು? ಸೋಮೇಶ್ವರನ ಗಾಳಕ್ಕೆ ತಪ್ಪು ಉಂಡೆ ಸಿಕ್ಕಿಸಿದರೆ ಮೀನು ಬದುಕಿತು, ಅರಸನ ಆಟ ಕೆಟ್ಟಿತು. ಶೃಂಗೇರಿಯ ಮೆಟ್ಟಿಲಲ್ಲಿ ತಪ್ಪಿದರೆ ಹೊಳೆ ಆ ತಪ್ಪನ್ನು ತೊಳೆದುಕೊಂಡು ಹೋಗುತ್ತದೆ. ಪ್ರಯೋಗಾಲಯದಲ್ಲಿ ತಪ್ಪಿದರೂ ಮೀನೇ ಸಾಯುತ್ತದೆ, ಆದರೆ ಅದು ದಾಖಲೆಯಾಗಿ ಮುಂದಿನ ಮೀನನ್ನು ಉಳಿಸುತ್ತದೆ. ನಮ್ಮ ನಿಮ್ಮ ಮನೆಯ ತೊಟ್ಟಿಯಲ್ಲಿ ಮಾತ್ರ ತಪ್ಪಿನ ಪೂರ್ತಿ ಬೆಲೆಯನ್ನು ಮೀನು ಒಂಟಿಯಾಗಿ, ಸದ್ದಿಲ್ಲದೆ ತೆರುತ್ತದೆ. ಆಫೀಸಿನಿಂದ ರಾತ್ರಿ ಒಂಬತ್ತಕ್ಕೆ ಬರುವ ನಾವು ಅದನ್ನು ಗಮನಿಸುವ ಹೊತ್ತಿಗೆ ಹೊಸದೊಂದನ್ನು ಆರ್ಡರ್ ಮಾಡುವ ಅನುಕೂಲವೂ ಫೋನಿನಲ್ಲೇ ಇರುತ್ತದೆ. ಈ ಅನುಕೂಲವೇ ಈ ಹವ್ಯಾಸದ ದೊಡ್ಡ ರೋಗ.

ಒಂಬೈನೂರು ವರ್ಷದ ಹಿಂದೆ, ಮೀನನ್ನು ಹಿಡಿದು ತಿನ್ನುವ ಉದ್ದೇಶವಿದ್ದ ಒಬ್ಬ ದೊರೆಯೂ ಮೊದಲು ಕೇಳಿಕೊಂಡ ಪ್ರಶ್ನೆ ‘ಇದು ಏನು ತಿನ್ನುತ್ತದೆ?’ ಅನ್ನುವುದು. ಮೀನನ್ನು ಸಾಕುತ್ತೇವೆ ಅನ್ನುವ ನಾವು ಅಂಗಡಿಯಲ್ಲಿ ಮೊದಲು ಕೇಳುವುದು ‘ಎಷ್ಟು?’ ಅಂತ. ಮುಂದಿನ ಸಲ ಹೋದಾಗ ಇಷ್ಟವಾದ ಮೀನಿನ ಮುಂದೆ ನಿಂತು, ಇದು ತಿನ್ನುವುದನ್ನು ನನ್ನೆದುರಿಗೆ ತೋರಿಸಿ ಅನ್ನಿ. ತೊಟ್ಟಿಗೆ ಹಾಕಿದ ಮೇವಿಗೆ ಅದು ಬಾಯಿ ಹಾಕಲಿಲ್ಲ ಅಂದರೆ, ಬಣ್ಣ ಎಷ್ಟೇ ಚೆಂದ ಇರಲಿ, ಬರಿಗೈಲಿ ವಾಪಸ್ ಬನ್ನಿ.